ನಡುಗದ ಹಲಗೆ

ಬಾಳೆಗುಳಿ, ಅಂಕೋಲಾ
೧೧ ನವೆಂಬರ್ ೨೦೦೮, ಮಂಗಳವಾರ

ಪ್ರೀತಿಯ ಮೈದುನ ಹರೀಶನಿಗೆ,

ಹೇಗಿದ್ದೀ? ಮೊದಲು ನಿನ್ನ ಆರೋಗ್ಯ ಕೇಳಿಬಿಡುತ್ತೇನೆ, ಜಗಳ ಆಮೇಲೆ. ಕಾಂಡ್ಲಾದ ಒಣಬಿಸಿಲಿಗೆ ಮೂಗಿನಿಂದ ರಕ್ತ ಬರುತ್ತದೆ ಎಂದಿದ್ದೆಯಲ್ಲ, ಈಗ ನಿಂತಿತೇ? ಮಲಗುವ ಮುಂಚೆ ಮೂಗಿಗೆ ಒಂದು ಹನಿ ತೆಂಗಿನೆಣ್ಣೆ ಬಿಡು, ಜೊತೆಯವರು ನಕ್ಕರೆ ನಗಲಿ. ಬಿಣಗಾದ ಹುಡುಗನ ಕೈಲಿ ಕಳಿಸಿದ ಒಣ ಸಿಗಡಿ, ಮುರುಗಲ ಸಿಪ್ಪೆ ಮುಟ್ಟಿತೋ, ಇಲ್ಲಾ ಅವನೇ ರೈಲಿನಲ್ಲಿ ಅರ್ಧ ಖಾಲಿ ಮಾಡಿದನೋ? ಬಂದರಿನ ಕ್ರೇನು ಹತ್ತಿ ತಂತಿ ಜೋಡಿಸುವಾಗ ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳುತ್ತೀ ತಾನೇ? ಇಲ್ಲಿ ನಿನ್ನ ಅಣ್ಣ ಭತ್ತದ ಕೊಯ್ಲಿನಲ್ಲಿ ಮುಳುಗಿದ್ದಾರೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ, ಅಷ್ಟೇ.

ಮೊಬೈಲು ಇರುವಾಗ ಅತ್ತಿಗೆ ಕಾಗದ ಯಾಕೆ ಬರೆದಳು ಎಂದು ನೀನು ಹುಬ್ಬು ಏರಿಸುತ್ತಿರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಕಿಟಕಿಯಲ್ಲಿ ಮಾತ್ರ, ಆ ಕಿಟಕಿಯ ಕೆಳಗೇ ನಿನ್ನ ಅವ್ವನ ಮಂಚ. ಅವಳ ಸಂಗತಿಯನ್ನು ಅವಳ ತಲೆಯ ಮೇಲೆ ನಿಂತು ಹೇಗೆ ಹೇಳಲಿ? ಹೇಳಹೊರಟರೂ ನೀನು ಬಿಡುವುದಿಲ್ಲ. ನಾನು ಹಲೋ ಅನ್ನುವಷ್ಟರಲ್ಲಿ "ಅತ್ಗೇ, ಬಬಲ್ ನಡೂಕೇ ಅದೆಯಾ?" ಅಂತ ಶುರು. ಟ್ಯೂಬಿಗೆ ಗಾಳಿ ಹಾಕಿದೆಯಾ, ಮರಳಿಗೆ ಇರುವೆ ಬಂತಾ, ಮುಚ್ಚಳ ತೆಗೆದಿಲ್ಲ ಅಲ್ವಾ. ಆಮೇಲೆ ಯಾರೋ ಸಾಹೇಬರು ಕರೆದರು ಅಂತ ಫೋನು ಕಟ್. ಅದಕ್ಕೇ ಈ ಸಲ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲವಲ್ಲ.

ಒಂದೂರಿನಲ್ಲಿ ಒಂದು ಯಂತ್ರ ಇತ್ತಂತೆ. ಅದರ ಕೋಣೆಯ ಹತ್ತಿರ ಬಂದರೆ ಮನೆಮಂದಿಯೆಲ್ಲ ಬೆಕ್ಕಿನ ಹಾಗೆ ನಡೆಯಬೇಕಿತ್ತಂತೆ. ನಗಬೇಡ. ಸುಂಕಸಾಳದ ನನ್ನ ಅಜ್ಜಿ ಇದ್ದಿದ್ದರೆ ನಿನ್ನ ಕಥೆಯನ್ನು ಹೀಗೇ ಶುರು ಮಾಡುತ್ತಿದ್ದಳು. ರಾಕ್ಷಸ ತನ್ನ ಪ್ರಾಣವನ್ನು ಗಿಳಿಯ ಹೊಟ್ಟೆಯಲ್ಲಿಟ್ಟು ಊರು ಸುತ್ತಲು ಹೋಗುವ ಕಥೆ ಅವಳು ಹೇಳುವಾಗ, ಇಂಥ ಪೆದ್ದ ರಾಕ್ಷಸನೂ ಇರುತ್ತಾನೆಯೇ ಎಂದು ನಾನು ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ನೀನು ನಿನ್ನ ಪ್ರಾಣವನ್ನು ಒಂದು ಸೂಜಿಯ ಮೊನೆಯಲ್ಲಿಟ್ಟು ಗುಜರಾತಿಗೆ ಹೋಗಿ ಕೂತಿದ್ದೀ. ಕಾಯುವ ಕೆಲಸ ಮಾತ್ರ ನನ್ನದು.

ಹಾಗಂತ ಆ ಯಂತ್ರ ನನಗೆ ಬೇಡವಾದದ್ದಲ್ಲ. ಕಾರವಾರದಲ್ಲಿ ದತ್ತಾನ ಮೈಕ್ ಸೆಟ್ ಅಂಗಡಿಯಲ್ಲಿ ದುಡಿಯುವಾಗ, ವರ್ಗವಾಗಿ ಹೊರಟ ಯಾರೋ ಸಾಹೇಬರ ಮನೆಯಿಂದ ನೀನು ಅದನ್ನು ಕೊಂಡು ತಂದ ದಿನ ನೆನಪಿದೆಯಲ್ಲ? ರೆಕಾರ್ಡ್ ಪ್ಲೇಯರು ಅಂದೆ ನೀನು, ಜೊತೆಗೆ ಎರಡು ಸ್ಪೀಕರು, ಒಂದು ಗಂಟು ಕರಿ ತಟ್ಟೆ. "ಇದೆಂತದೋ, ಹೊತ್ತಿದ ದೋಸೆ" ಎಂದಿದ್ದಳು ಅವ್ವ. ಸಂಜೆ ನೀನು ಅದನ್ನು ತಿರುಗಿಸಿ ಸೂಜಿ ಇಳಿಸಿದಾಗ, ಹಾಡುವ ಮನುಷ್ಯ ನಮ್ಮ ನಡುಮನೆಯಲ್ಲೇ ಚಾಪೆ ಹಾಕಿ ಕೂತ ಹಾಗಾಯಿತು. ಪಕ್ಕದ ಮನೆಯ ನಾಗಿ ಹಿಂಡುತ್ತಿದ್ದ ಬಟ್ಟೆ ಹಿಡಿದುಕೊಂಡೇ ಬಂದು ನಿಂತಿದ್ದಳು. ಆದರೆ ಅಷ್ಟರಲ್ಲಿ ಯಲ್ಲಾಪುರದ ಕಡೆಯಿಂದ ಒಂದು ಅದಿರು ಲಾರಿ ಬಂತು. ನಮ್ಮ ಮನೆಯ ಎದುರು ತಿರುವಿನಲ್ಲಿ ಬ್ರೇಕು ಹಾಕಿತು, ನೆಲ ಗುಡುಗಿತು, ಹಾಡುವವನು ಎಡವಿ ಬಿದ್ದು ಇನ್ನೆಲ್ಲಿಂದಲೋ ಎದ್ದ. ಇನ್ನೊಂದು ಲಾರಿ, ಮತ್ತೆ ಬಿದ್ದ. ನಿನ್ನ ಮುಖ ನೋಡಲಾಗಲಿಲ್ಲ.

ಆಮೇಲೆ ನಿನ್ನ ತಪಸ್ಸು ಶುರುವಾಯಿತು. ಸೈಬರ್ ಕೆಫೆಯಿಂದ ಇಂಗ್ಲಿಷ್ ಹಾಳೆಗಳನ್ನು ತಂದು ಓದಿದ್ದೇ ಓದಿದ್ದು. ಮೊದಲು ಚೆಂಡು ಕೊಯ್ದು ಇಟ್ಟೆ, ಆಮೇಲೆ ಸ್ಪಂಜು, ಆಮೇಲೆ ನನ್ನ ಅಡುಗೆಮನೆಯ ಕಡಪಾ ಕಲ್ಲು ಕಿತ್ತೆ. ಕಡೆಗೆ ಒಳಕೋಣೆಯಲ್ಲಿ ಅರ್ಧ ಗಾಳಿ ತುಂಬಿದ ಎರಡು ಸ್ಕೂಟರ್ ಟ್ಯೂಬು, ಅದರ ಮೇಲೆ ನನ್ನ ಕಲ್ಲು, ಕಲ್ಲಿನ ಮೇಲೆ ಗಂಗಾವಳಿಯ ಜರಡಿ ಹಿಡಿದ ಮರಳಿನ ಪೆಟ್ಟಿಗೆ, ಅದಕ್ಕೊಂದು ಹಲಸಿನ ಹಲಗೆ, ಆ ಸಿಂಹಾಸನದ ಮೇಲೆ ನಿನ್ನ ಯಂತ್ರ, ಪಕ್ಕದಲ್ಲಿ ಮಟ್ಟ ನೋಡಲು ಗುಳ್ಳೆ ತೋರಿಸುವ ಗಾಜಿನ ಕೊಳವೆ, ನಿನ್ನ ಬಬಲ್. ಲಾರಿ ಬಂತು, ಹೋಯಿತು. ಹಾಡುವವನು ಎಡವಲಿಲ್ಲ. "ನೆಲ ಅಲುಗಾಡ್ಲಿ ಅತ್ಗೇ, ಮೇಲಿದ್ದದ್ದಕ್ಕೆ ಗೊತ್ತೇ ಆಗುದಿಲ್ಲ" ಎಂದು ಕುಣಿದಾಡಿದೆ. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೀನು ಕಾಂಡ್ಲಾಕ್ಕೆ ಹೊರಟೆ, ನಿಯಮಗಳು ಇಲ್ಲೇ ಉಳಿದವು. ಆ ಕೋಣೆಯಲ್ಲಿ ಕಾಯಿ ಒಡೆಯಬಾರದು, ರುಬ್ಬುಗುಂಡು ಹಿತ್ತಲಿಗೆ ಹೋಗಬೇಕು, ಶನಿವಾರ ಶನಿವಾರ ಸೈಕಲ್ ಪಂಪಿನಿಂದ ಗಾಳಿ ಹಾಕಬೇಕು, ಗುಳ್ಳೆ ಎಡಕ್ಕೆ ಸರಿದರೆ ಬಲಗಡೆ, ಬಲಕ್ಕೆ ಸರಿದರೆ ಎಡಗಡೆ. ಮಳೆಗಾಲವಿಡೀ ಹಿತ್ತಲ ಸೂರಿನಡಿ ನೆನೆಯುತ್ತ ಕಡೆದದ್ದು ನಾನು. "ಅಲ್ಲಾ ಚಂಪಕ್ಕಾ, ನಿಮ್ಮನೆ ದೇವ್ರಿಗೂ ಇಷ್ಟ್ ಮಡಿ ಇಲ್ಲಲ್ರೇ" ಎಂದು ನಾಗಿ ಆಡಿಕೊಂಡು ನಗುತ್ತಾಳೆ. ನಾನೂ ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ, ಹರೀಶಾ.

ಅವ್ವ ಬಾವಿಕಟ್ಟೆಯ ಪಾಚಿಗೆ ಜಾರಿ ತೊಡೆಯ ಮೂಳೆ ಮುರಿದುಕೊಂಡಾಗ ನೀನು ಬಂದೆ, ಕಾರವಾರದ ಆಸ್ಪತ್ರೆಯಲ್ಲಿ ತೊಡೆಗೆ ಸರಳು ಹಾಕಿಸಿ ನೋಡಿಕೊಂಡೆ, ಮನೆಗೆ ಕರೆತಂದು ಮಂಚದ ಮೇಲೆ ಮಲಗಿಸಿ ಹೋದೆ. ಅದು ಜೋರು ಮಳೆಯ ಕಾಲ, ಲಾರಿಗಳು ಅಲ್ಲೊಂದು ಇಲ್ಲೊಂದು. ಮಳೆ ನಿಂತ ಮೇಲಿನದನ್ನು ನೀನು ನೋಡಿಲ್ಲ. ಈಗ ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಬಂದರಿನ ಕಡೆ ಇಳಿಯುತ್ತವೆ. ನಮ್ಮ ತಿರುವಿನಲ್ಲಿ ರಸ್ತೆ ಕೆರೆಯಾಗಿದೆ. ಪ್ರತಿ ಲಾರಿಯೂ ಆ ಹೊಂಡಕ್ಕೆ ಬಿದ್ದು ಏಳುತ್ತದೆ, ಬಿದ್ದದ್ದು ಲಾರಿಯಾದರೂ ನೋವು ಅವ್ವನಿಗೆ. ಕಂಪನ ನೆಲದಿಂದ ಮಂಚದ ಕಾಲಿಗೆ, ಮಂಚದ ಕಾಲಿನಿಂದ ಸೀದಾ ಅವಳ ತೊಡೆಯೊಳಗಿನ ಸರಳಿಗೆ. ಮೂಳೆ ಕೂಡಬೇಕಾದರೆ ಕುಲುಕಾಟ ಆಗಬಾರದು ಎಂದು ಡಾಕ್ಟರು ಹೇಳಿದ್ದು ನಿನ್ನೆದುರೇ ತಾನೇ?

ಮೊದಮೊದಲು ಅವ್ವ ಅದನ್ನೂ ಚೇಷ್ಟೆ ಮಾಡುತ್ತಿದ್ದಳು. ನಿನಗೆ ಗೊತ್ತಲ್ಲ ಅವಳ ಬಾಯಿ. ಲಾರಿ ಗುಡುಗಿದರೆ "ಬಂದ ನೋಡೇ ಚಂಪಾ, ಇನ್ನೊಬ್ಬ ಅಳಿಯ! ಕಾಲ್ ತೊಳೂಕೆ ನೀರ್ ಕೊಡು" ಅನ್ನುವುದು. ಹೆಣ್ಣುಮಕ್ಕಳಿಲ್ಲದ ಅವಳಿಗೆ ದಿನಾ ಬೆಳಗಾದರೆ ಅಳಿಯಂದಿರ ಮೆರವಣಿಗೆ. ಹೊರೆ ಜಾಸ್ತಿ ಇದ್ದ ಲಾರಿಯಾದರೆ "ಇಂವ ಉಂಡ್ಕೊಂಡೇ ಬಂದಾನೆ, ಇವ್ನಿಗೆ ಅನ್ನ ಬ್ಯಾಡ" ಅನ್ನುತ್ತಿದ್ದಳು. ಅನ್ನುವಾಗ ಮಂಚದ ಅಂಚು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದಳು, ಬೆರಳು ಬೆಳ್ಳಗಾಗುವಷ್ಟು. ದಸರೆ ಕಳೆದ ಮೇಲೆ ಚೇಷ್ಟೆ ನಿಂತಿತು. ಲಾರಿ ಬಂದರೆ ಕಣ್ಣು ಮುಚ್ಚುತ್ತಾಳೆ, ಹೋದರೆ ತೆರೆಯುತ್ತಾಳೆ. ನಿದ್ದೆ ಇಲ್ಲ, ಗಂಜಿ ಎರಡು ತುತ್ತಿಗೆ ಸಾಕು ಅನ್ನುತ್ತಾಳೆ. ಆ ಬಾಯಿ ಸುಮ್ಮನಾದ ಮನೆಯಲ್ಲಿ ನಾನು ಸೊಸೆಯಾಗಿ ಬಂದಾಗಿನಿಂದ ಇದ್ದವಳಲ್ಲ. ನನಗೆ ಹೆದರಿಕೆಯಾಗಿದೆ.

ನಿನ್ನ ಅಣ್ಣ ಸುಮ್ಮನೆ ಕೂತಿಲ್ಲ. ಊರವರ ಜೊತೆ ಹೋಗಿ ಲಾರಿಗಳನ್ನು ತಡೆದು ನಿಂತರು. ಡ್ರೈವರುಗಳು ಇಳಿದರು, ನಮ್ಮದೇ ಬಾವಿಯ ನೀರು ಕುಡಿದರು, ಹೌದು ಅಜ್ಜಿಗೆ ತ್ರಾಸೇ ಎಂದು ಒಪ್ಪಿದರು, ಹತ್ತಿ ಹೋದರು. "ಲಾರಿ ನಿಲ್ಸೂಕಂತೂ ಆಗುದಿಲ್ಲ, ಮಂಚನಾದ್ರೂ ನಿಲ್ಸ್ತೆ" ಎಂದು ಇವರು ಮಂಚವನ್ನು ಗೋಡೆಗೆ ಒತ್ತಿ, ಬೆಣೆ ಹೊಡೆದು, ಕಾಲುಗಳನ್ನು ಕಲ್ಲಿನ ನಡುವೆ ಬಿಗಿದರು. ಇಡೀ ಗೋಡೆಯ ನಡುಕವೂ ಬಂದು ಅವ್ವನ ಬೆನ್ನಿಗೆ ಸೇರಿತು. ಬೆಣೆ ಕಿತ್ತದ್ದಾಯಿತು. ಹುಲ್ಲಿನ ಸಿವುಡು ಹಾಕಿದೆವು, ಒಂದು ದಿನ ಹಿತವಾಗಿತ್ತು, ಮರುದಿನ ಅದು ಚಪ್ಪಟೆಯಾಗಿ ನೆಲವೇ ಆಯಿತು. ರಸ್ತೆಯಿಂದ ಸ್ವಲ್ಪ ದೂರವಾದರೂ ಆಗುತ್ತದೆ, ಒಳಗಿನ ಕೋಣೆಗೆ ಹೋಗೋಣ, ಯಂತ್ರ ಈಚೆ ತರೋಣ ಎಂದೆ. ಅವ್ವ ಕೈ ಎತ್ತಿಬಿಟ್ಟಳು. "ಅದ್ನ ಮುಟ್ಬ್ಯಾಡ್ವೇ. ಹುಡ್ಗ ಎಷ್ಟ್ ಕಷ್ಟಪಟ್ಟ್ ಮಾಡ್ದ. ನಂದೆಂತದೆ, ಇಂದಲ್ಲ ನಾಳೆ ಎದ್ದ್ ಓಡಾಡ್ತೆ. ಆ ಕತ್ಲೆ ಕೋಣ್ಯಾಗೆ ಬಿದ್ಕಂಡ್ರೆ ದಾರಿ ಮೇಲೆ ಯಾರ್ ಹೋದ್ರು, ಯಾರ್ ಬಂದ್ರು ಅಂತ ನಂಗೆ ಹ್ಯಾಂಗೆ ಗೊತ್ತಾಗ್ತದೆ?" ಎಂದಳು. ನಿನ್ನ ಯಂತ್ರಕ್ಕೆ ನಾನೊಬ್ಬಳೇ ಕಾವಲು ಎಂದುಕೊಂಡಿದ್ದೆ. ಮುರಿದ ಕಾಲಿಟ್ಟುಕೊಂಡು ಅವಳೂ ಕಾಯುತ್ತಿದ್ದಾಳೆ.

ದೀಪಾವಳಿಯ ದಿನ ನೀನು ಫೋನು ಮಾಡಿದೆ. ಅವ್ವನ ಕಿವಿಗೆ ಹಿಡಿದೆ. ಅವಳು ಅರಾಮಿದ್ದೆ ಅರಾಮಿದ್ದೆ ಎಂದು ಎರಡು ಸಲ ಅಂದಳು, ನೀನು ನಂಬಿದೆ. ಆಮೇಲೆ ನಾನು ಹಿಡಿದರೆ, ಟ್ಯೂಬು ಒಂದು ಗಾಳಿ ಬಿಡುತ್ತಿದ್ದರೆ ಕಾರವಾರದ ಅಂಗಡಿಯಿಂದ ಹೊಸದು ತರಿಸಿ ಎಂದೆ. ಲಾರಿ ಜಾಸ್ತಿಯಾಗಿವೆ ಕಣೋ ಎಂದರೆ "ಹೌದಾ? ಹಂಗಾರೆ ಮರಳು ಸ್ವಲ್ಪ ಜಾಸ್ತಿ ಹಾಕಿ" ಎಂದೆ! ಪಕ್ಕದಲ್ಲಿ ಅವ್ವ ಮಲಗಿದ್ದಳು ಎಂದು ತುಟಿ ಕಚ್ಚಿಕೊಂಡೆ. ಇಲ್ಲದಿದ್ದರೆ ಆ ದಿನವೇ ನಿನಗೆ ಹಬ್ಬ ಮಾಡುತ್ತಿದ್ದೆ.

ಕಳೆದ ಶನಿವಾರದ ಮಾತು ಹೇಳಿ ಮುಗಿಸುತ್ತೇನೆ. ಸಿಟ್ಟಿನಲ್ಲೇ ಪಂಪು ಹಿಡಿದು ಒಳಕೋಣೆಗೆ ಹೋದೆ. ಕುಡಿಯಲು ತಂದ ನೀರಿನ ಲೋಟವನ್ನು, ನೀನು ನೋಡಿದರೆ ಸಾಯಿಸುತ್ತೀ, ಯಂತ್ರದ ಪಕ್ಕ ಹಲಗೆಯ ಮೇಲೇ ಇಟ್ಟೆ. ಅಷ್ಟರಲ್ಲಿ ಲಾರಿ ಬಂತು. ಗೂಡಿನಲ್ಲಿದ್ದ ಹಿತ್ತಾಳೆ ಚೊಂಬು ಕಿಣಿಕಿಣಿ ಅಂತು. ಕಿಟಕಿಯ ಚಿಲಕ ಅಲುಗಿತು. ನನ್ನ ಕಾಲಡಿಯ ನೆಲ ಗುಡುಗಿತು. ಲೋಟದ ನೀರು ಮಾತ್ರ ಕನ್ನಡಿಯ ಹಾಗೆ ಸುಮ್ಮನಿತ್ತು, ಮಾಡಿನ ಹಂಚು ಅದರಲ್ಲಿ ಒಂದಿಷ್ಟೂ ಕದಡದೆ ಕಾಣುತ್ತಿತ್ತು. ಜಗಲಿಯಿಂದ ಅವ್ವ "ಅಯ್ಯೋ" ಎಂದದ್ದು ಕೇಳಿತು. ಪಂಪು ಅಲ್ಲೇ ಹಾಕಿ ನಾನು ನೆಲದ ಮೇಲೆ ಕೂತುಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡಲಿ? ನಿನ್ನ ಮೇಲೋ, ವರ್ಷವಿಡೀ ಗಾಳಿ ಹಾಕಿಯೂ ಇದು ಹೊಳೆಯದ ನನ್ನ ಮೇಲೋ? ಮನೆಯಲ್ಲಿ ಒಂದೇ ಒಂದು ನಡುಗದ ಜಾಗ, ಅದರ ಮೇಲೆ ಮೂಳೆ ಇಲ್ಲದ್ದು ಕೂತಿದೆ.

ಇನ್ನು ಬರೆದರೆ ಬಾಯಿಗೆ ಬಂದದ್ದೆಲ್ಲ ಬರೆಯುತ್ತೇನೆ, ನಾಳೆ ನಿನಗೇ ಬೇಜಾರು. ಅನ್ನ ಬಿಟ್ಟು ಬರೀ ರೊಟ್ಟಿ ತಿನ್ನಬೇಡ. ಕ್ರೇನಿನ ಮೇಲೆ ಫೋನು ತೆಗೆಯಬೇಡ. ನಿನ್ನ ಅಣ್ಣ ಗದ್ದೆಯಿಂದಲೇ ನೆನಪು ಹೇಳಿದ್ದಾರೆ, ನಾಗಿ ತನಗೊಂದು ಗುಜರಾತಿ ಸೀರೆ ಎಂದು ಹೇಳಿದ್ದಾಳೆ. ಅವ್ವ ನಿನ್ನ ತಲೆ ಸವರಿ ಹರಸಿದ್ದಾಳೆ ಎಂದು ತಿಳಿ. ದೇವರು ನಿನ್ನನ್ನು ಎತ್ತರದಲ್ಲೂ ಕಾಯಲಿ.

ಸಿಟ್ಟಿದ್ದರೂ ನಿನ್ನವಳೇ ಆದ ಅತ್ತಿಗೆ,
ಚಂಪಾ

ತಾ.ಕ.: ಬರೆಯದೇ ಉಳಿಸಿದ್ದನ್ನು ಬರೆದುಬಿಡುತ್ತೇನೆ, ನಿನ್ನ ಅಣ್ಣ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾರೆ. ಟ್ಯೂಬುಗಳೆರಡೂ ಭಾನುವಾರದಿಂದ ಅವ್ವನ ಮಂಚದ ಕೆಳಗಿವೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೈ ಒರೆಸುವಾಗ ಇವರು ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಇಟ್ಟು, ಮೇಲೆ ಹಲಗೆ ಹಾಕಿ, ಮಂಚ ಕೂರಿಸಿದರು. ಹೊದಿಕೆ ನೆಲದವರೆಗೆ ಇಳಿಬಿಟ್ಟಿದ್ದೇನೆ. ಮಂಚ ಎಂತಕೆ ಎತ್ತರವಾಯಿತು ಎಂದು ಕೇಳಿದಳು, ಇರುವೆ ಹತ್ತಬಾರದು ಅಂತ ಎಂದೆ. ಫೋನಿನಲ್ಲಿ ಬಾಯಿ ಬಿಡಬೇಡ, ಗೊತ್ತಾದರೆ ಇಳಿಸಿ ಅಂತ ಹಟ ಹಿಡಿಯುತ್ತಾಳೆ. ನಿನ್ನ ಯಂತ್ರ ಹೊಸ ಗೋಣಿಯ ಮೇಲೆ ನೆಲದಲ್ಲಿದೆ, ಸೂಜಿಗೆ ಟೊಪ್ಪಿ ಹಾಕಿದ್ದೇನೆ, ಬೈಯುವುದಾದರೆ ಬಂದು ಬೈ. ಅವ್ವ ನಿನ್ನೆ ಮಧ್ಯಾಹ್ನ ಉಂಡು ಮಲಗಿದವಳು ದನ ಕಟ್ಟುವ ಹೊತ್ತಿಗೆ ಎದ್ದಳು. ಎದ್ದ ಮೇಲೆ ಒಂದು ಲಾರಿ ಹೋಯಿತು. ರಸ್ತೆಯ ಕಡೆ ಕಿವಿಯಿಟ್ಟು ಕೇಳಿ "ಅಳಿಯ ಬಂದನೇ ಚಂಪಾ, ಆದ್ರೆ ಇವತ್ತು ಚಪ್ಪಲ್ ಹೊರಗೇ ಬಿಟ್ಟ್ ಬಂದಾನೆ ನೋಡು" ಎಂದಳು. ಆದರೆ ಹೊರಳಿದರೆ ಮಂಚ ದೋಣಿಯ ಹಾಗೆ ಓಲುತ್ತದೆ, ಅದೊಂದು ಭಯ. ಯಂತ್ರದ ತೂಕಕ್ಕೆ ಎಷ್ಟು ಗಾಳಿ ಅಂತ ನನಗೆ ಗೊತ್ತು, ನಿನ್ನ ಅವ್ವನ ತೂಕಕ್ಕೆ ಎಷ್ಟು ಹಾಕಬೇಕು ಅಂತ ಗೊತ್ತಿಲ್ಲ. ಬೇಗ ತಿಳಿಸು.