ಕಿಟಕಿಯ ಬಿಸಿಲಿಗಿಟ್ಟ ನನ್ನ ಆಟ

ಖಾಸಬಾಗ, ಬೆಳಗಾವಿ
ಮಾರ್ಚ್ ೧೯೮೮

ಪ್ರಸಾರ ತಪಾಸಣೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಪಶ್ಚಿಮದ ಕಿಟಕಿಯ ಕಟ್ಟೆಯ ಮೇಲೆ ನನ್ನದೊಂದು ವಸ್ತು ಬಿಸಿಲಿಗೆ ಬಿದ್ದಿದೆ. ಬೆರಳಿನಷ್ಟು ಉದ್ದದ ಚಿಪ್ ಅದು, ಅದರ ಬೆನ್ನ ಮೇಲೆ ಒಂದು ಪುಟ್ಟ ಗಾಜಿನ ಕಿಂಡಿ. ಆ ಕಿಂಡಿಗೆ ನಾನು ಅಂಟಿಸಿದ್ದ ಕಪ್ಪು ಪಟ್ಟಿಯನ್ನು ನೀವು ಉಗುರಿನಿಂದ ಕಿತ್ತುಹಾಕಿದಿರಿ. ಅಂದಿನಿಂದ ದಿನವೂ ಮಧ್ಯಾಹ್ನದ ಬಿಸಿಲು ಕಿಂಡಿಯೊಳಗೆ ಇಳಿದು, ಅದರಲ್ಲಿ ನಾನು ಬರೆದಿಟ್ಟ ಟಿವಿ ಆಟವನ್ನು ಸ್ವಲ್ಪ ಸ್ವಲ್ಪವಾಗಿ ಅಳಿಸುತ್ತಿದೆ. ನನ್ನ ದೂರು ಇಷ್ಟೇ. ತಾವು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಅದನ್ನು ನೆರಳಿಗಿಟ್ಟು ಬಂದರೆ ನನ್ನ ಅಭ್ಯಂತರವೇನೂ ಇಲ್ಲ. ಆದರೆ ತಾವು ಏಳುವುದಿಲ್ಲ ಎಂದು ಬಲ್ಲೆನಾದ್ದರಿಂದ ಮುಂದುವರಿಸುತ್ತೇನೆ.

ತಮ್ಮ ಕಡತದಲ್ಲಿ ನನ್ನನ್ನು 'ಅನಧಿಕೃತ ಪ್ರಸಾರ ನಡೆಸಿದ ಮಹಿಳೆ' ಎಂದು ಬರೆಯಲಾಗಿದೆ. ಅಷ್ಟು ದೊಡ್ಡ ಪದವಿಗೆ ನಾನು ಯೋಗ್ಯಳಲ್ಲ. ಮೊನ್ನೆ ಮೊನ್ನೆಯವರೆಗೆ ಇದೇ ಊರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ನನ್ನ ಸೋದರಮಾವ ಪದ್ಮಾಕರ ಖಾನಾಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾರೆ. ದುಬೈನಿಂದ ಬಂದ ಗಿರಾಕಿಯೊಬ್ಬ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದನ್ನು ಅಲ್ಲಿ ರಿಪೇರಿಗೆ ಕೊಟ್ಟವನು ತಿರುಗಿ ಬರಲೇ ಇಲ್ಲ. ಮಾಮಾ ಅದನ್ನು ನಮ್ಮ ಮನೆಗೆ ತಂದರು. ಅದರ ಜೊತೆಗಿದ್ದ ಆಟಗಳಲ್ಲಿ ಗುಂಡು ಹಾರಿಸುವುದು ಬಿಟ್ಟು ಬೇರೇನೂ ಇರಲಿಲ್ಲ. ನನ್ನ ತಾಯಿ ಶಾಂತಮ್ಮ ಸ್ವಲ್ಪ ಹೊತ್ತು ನೋಡಿ ಮುಖ ಸಿಂಡರಿಸಿದರು.

"ಇದರಾಗ ಕೊಲ್ಲೂದು ಬಿಟ್ರ ಬ್ಯಾರೆ ಕೆಲಸ ಇಲ್ಲೇನವಾ?"

"ಆಟ ಅವ್ವಾ ಇದು. ಖರೇ ಯಾರೂ ಸಾಯೂದಿಲ್ಲ."

"ಮನಸಿನಾಗ ಕೊಂದ್ರೂ ಕೊಂದಂಗ. ನಿನಗ ಅಷ್ಟೊಂದು ಕಲಿಸೀವಿ, ಕೊಲ್ಲಲಾರದ್ದು ಒಂದು ಮಾಡಿ ತೋರ್ಸು ನೋಡೂಣು."

ನಾವು ಜೈನರು, ಸ್ವಾಮಿ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ. ನನ್ನ ಆಟದ ಕಥೆ ಅಲ್ಲಿಂದಲೇ ಹುಟ್ಟಿತು. ಒಬ್ಬಳು ಹುಡುಗಿ ಸೂರ್ಯ ಮುಳುಗುವುದರೊಳಗೆ ಊಟಕ್ಕೆ ಮನೆ ಸೇರಬೇಕು. ದಾರಿಯುದ್ದಕ್ಕೂ ಇರುವೆ ಸಾಲುಗಳು ಅಡ್ಡ ಹಾಯುತ್ತವೆ. ಒಂದನ್ನೂ ತುಳಿಯಬಾರದು. ಅವಸರ ಮಾಡಿದರೆ ಇರುವೆ ಸಾಯುತ್ತದೆ, ತಡ ಮಾಡಿದರೆ ಹುಡುಗಿ ಉಪವಾಸ. ಹಿನ್ನೆಲೆಗೆ ಖಾನಾಪುರದ ಹತ್ತಿರದ ಹಲಸಿ ಊರಿನ ಹಳೆಯ ಗುಡಿ ಹಾಕಿದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಶಿಖರ, ಟಿವಿಯ ಚೌಕ ಚುಕ್ಕಿಗಳಲ್ಲಿ ಬಿಡಿಸಲು ಹೇಳಿ ಮಾಡಿಸಿದಂತಿತ್ತು. ಇದನ್ನೇ ಬದುಕಾಗಿಸಿಕೊಳ್ಳಬೇಕೆಂದು ಕಾಯಂ ನೌಕರಿ ಬಿಟ್ಟೆ. ಅಮೆರಿಕೆಯವರು, ಜಪಾನಿನವರು ಮಾಡುವ ಆಟವನ್ನು ಖಾಸಬಾಗದ ಹೆಂಗಸು ಯಾವ ಕಂಪನಿಯ ಹಂಗೂ ಇಲ್ಲದೆ ಮಾಡಬಾರದೆಂದು ಯಾವ ಕಾನೂನಿನಲ್ಲಿ ಬರೆದಿದೆ? ಇಂಥ ಪೆಟ್ಟಿಗೆಗಳನ್ನು ಜೋಡಿಸಿ ಮಾರುವ ಪುಣೆಯ ವ್ಯಾಪಾರಿಯೊಬ್ಬರು, ಆಟ ತೋರಿಸಿರಿ, ಹಿಡಿಸಿದರೆ ನಮ್ಮ ಪೆಟ್ಟಿಗೆಯ ಜೊತೆ ಮಾರುತ್ತೇವೆ ಎಂದು ಹೇಳಿಯೂ ಇದ್ದರು. ಈಗ ತಮ್ಮ ಜನ ಹೋಗಿ ವಿಚಾರಿಸಿದಾಗ, ಆ ಹೆಸರಿನ ಹೆಣ್ಣುಮಗಳೇ ಗೊತ್ತಿಲ್ಲವೆಂದರಂತೆ. ಅವರನ್ನು ನಾನು ಬಯ್ಯುವುದಿಲ್ಲ. ನಿಮ್ಮ ಜೀಪು ಬಾಗಿಲಿಗೆ ಬಂದು ನಿಂತರೆ ಯಾರಿಗಾದರೂ ನೆನಪು ಕೆಡುತ್ತದೆ.

ಇನ್ನು ನನ್ನ ಘೋರ ಅಪರಾಧದ ವಿಷಯ. ನಮ್ಮ ಓಣಿಗೆಲ್ಲ ಆಂಟೆನಾ ಒಂದೇ. ನಮ್ಮ ಮಾಳಿಗೆ ಎತ್ತರವೆಂದು ಎಲ್ಲರೂ ಕೂಡಿ ಅದನ್ನು ನಮ್ಮ ಮೇಲೆ ನಿಲ್ಲಿಸಿದ್ದಾರೆ. ವಾಯರು ನಮ್ಮ ಟಿವಿಯ ಬೆನ್ನಿಗೆ ಬಂದು, ಅಲ್ಲಿಂದ ಪಕ್ಕದ ದುಂಡಪ್ಪ ಕಾಕಾನ ಮನೆಗೆ, ಅಲ್ಲಿಂದ ಮುಂದಿನ ಮನೆಗಳಿಗೆ ಹೋಗುತ್ತದೆ. ಆಟದ ಪೆಟ್ಟಿಗೆ ಜೋಡಿಸುವಾಗ ಆಂಟೆನಾದ ವಾಯರು ಕಿತ್ತಿಡಬೇಕು, ಅದು ನನಗೆ ಗೊತ್ತಿಲ್ಲದ್ದಲ್ಲ. ಚಿಪ್ ಅನ್ನು ಪೆಟ್ಟಿಗೆಗೆ ಹಾಕಿ ಮನೆಯವರಿಗೆ ಆಟ ತೋರಿಸಲು ಕೂತ ಸಂಜೆ, ವಾಯರು ಕೀಳಲು ಕೈ ಹಾಕಿದಾಗ ಅವ್ವ ತಡೆದರು.

"ವಾಯರ ಕೀಳಬ್ಯಾಡ ರತ್ನಾ. ಕಾಕಾ ಬಾತಮಿ ನೋಡಾಕ ಕುಂತಿರತಾರ. ಪಾಪ, ಅವರ ಮನಿ ಚಿತ್ರ ಹೋದೀತು."

ನೆರೆಯವರ ಟಿವಿ ಸುದ್ದಿ ಕೆಡಬಾರದೆಂದು ವಾಯರನ್ನು ಹಾಗೇ ಬಿಟ್ಟು, ಅದರ ಬಾಜುವಿಗೇ ನನ್ನ ಪೆಟ್ಟಿಗೆಯದನ್ನೂ ಸಿಕ್ಕಿಸಿದೆ. ನನ್ನ ಆಟ ಬಂದ ವಾಯರಿನಲ್ಲೇ ಹಿಂದಿರುಗಿ ಓಣಿಯ ಎಲ್ಲ ಟಿವಿಗಳಿಗೂ ಹೊಕ್ಕಿತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ದುಂಡಪ್ಪ ಕಾಕಾನ ದನಿ ಕೇಳಿಸಿತು.

"ಶಾಂತಮ್ಮನವ್ರ, ನಿಮ್ಮ ಟಿವ್ಯಾಗೂ ಮಂತ್ರಿ ಮಾರಿ ಮ್ಯಾಲ ಇರವಿ ಹರದಾಡಾಕ ಹತ್ಯಾವೇನ್ರಿ?"

ಗೋಡೆಯ ಎರಡೂ ಕಡೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೂ ಆಯಿತು. ನನ್ನ ಇರುವೆಗಳನ್ನು ಮನೆಯ ಹೊರಗಿನವರೊಬ್ಬರು ಮೊದಲ ಸಲ ನೋಡಿದ್ದರು. ಆ ಮಂತ್ರಿಗಳು ಆಗ ಗಡಿಯ ವಿಚಾರ ಮಾತಾಡುತ್ತಿದ್ದರೆಂದು ತಿಳಿದದ್ದು ಮರುದಿನ, ತಮ್ಮ ಜೀಪು ಬಂದಾಗ. ಓಣಿಯ ಯಾರೋ ಪುಣ್ಯಾತ್ಮರು ಸುದ್ದಿ ಮುಟ್ಟಿಸಿದ್ದರು. ಗಡಿ ಗಲಾಟೆಯ ಗಾಯ ಇನ್ನೂ ಹಸಿಯಾಗಿರುವ ಊರಿದು. ಇಲ್ಲಿ ಯಾರೂ ಯಾವುದನ್ನೂ ಸುಮ್ಮನೆ ಮಾಡುವುದಿಲ್ಲ ಎಂಬುದು ತಮ್ಮ ನಂಬಿಕೆ.

ತಮ್ಮವರು ಪೆಟ್ಟಿಗೆ, ಟೇಪು, ಚಿಪ್ ಎಲ್ಲ ಒಯ್ದರು. ಆಟದ ಇನ್ನೊಂದು ಪ್ರತಿ ಸದ್ದಿನ ರೂಪದಲ್ಲಿ ಇದ್ದದ್ದು ಆ ಟೇಪಿನಲ್ಲಿ. ಅದನ್ನು ಕಚೇರಿಯ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಕೇಳಿದಿರಂತೆ. ಕಿರ್ರೆಂಬ ಸದ್ದು ಬಂತು, ಇದು ಗುಪ್ತ ಸಂಕೇತವೇ ಸರಿ ಎಂದು ತೀರ್ಮಾನವಾಯಿತು. ಮತ್ತೆ ಮತ್ತೆ ತಿರುಗಿಸಿ ಕೇಳಿ ರೀಲು ಸಿಕ್ಕಿ ತುಂಡಾಯಿತು. ಟೇಪು ಹರಿದದ್ದು ಆಕಸ್ಮಿಕ ಎಂದು ತಾವೇ ಹೇಳಿದಿರಿ. ಆಕಸ್ಮಿಕವೆಂಬ ಮಾತು ಸರಕಾರಿ ನೌಕರರಿಗೆ ಮಾತ್ರ ಸಲ್ಲುತ್ತದೆ ಎಂದು ನನಗೆ ಆಗ ಹೊಳೆಯಿತು.

ವಿಚಾರಣೆಗೆ ಕರೆದಾಗ ತಾವು ಕುಂದರ್ರಿ ಎಂದು ಮರ್ಯಾದೆಯಿಂದಲೇ ಕುರ್ಚಿ ತೋರಿಸಿದಿರಿ. ಆಮೇಲೆ ಕೇಳಿದ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. "ಈ ಇರವಿ ಅಂದ್ರ ಯಾರು?" ಎಂದಿರಿ. ಇರುವೆ ಎಂದರೆ ಇರುವೆ ಎಂದೆ. "ಹುಡುಗಿ ಎಡಕ್ಕ ಯಾಕ ಹೊಂಟಾಳ? ಅಕೀ ಮನಿ ಗಡಿ ಆಚೀಕೇನು?" ಎಂದಿರಿ. ಮುಳುಗುವ ಸೂರ್ಯನನ್ನು ಎಡಕ್ಕೆ ಬಿಡಿಸಿದ್ದೇನೆ, ಅದಕ್ಕೆ ಎದುರಾಗಿ ನಡೆಯುತ್ತಾಳೆ ಎಂದೆ. ಅದನ್ನು ಬರೆದುಕೊಂಡಿರಿ. ಆಮೇಲೆ ಚಿಪ್ ಕೈಗೆತ್ತಿಕೊಂಡು ಕಪ್ಪು ಪಟ್ಟಿಯ ಮೇಲೆ ಉಗುರು ಇಟ್ಟಿರಿ.

"ಇದರ ಕೆಳಗ ಏನ್ ಮುಚ್ಚಿಟ್ಟೀರಿ?"

"ಏನೂ ಇಲ್ರೀ ಸಾಹೇಬ್ರ. ಬಿಸಲು ತಾಕಬಾರದಂತ ಮುಚ್ಚೇನಿ. ಬಿಸಲು ಬಿದ್ರ ಆಟ ಅಳಸಿ ಹೋಗತೈತ್ರಿ. ಕೀಳಬ್ಯಾಡ್ರಿ."

ತಾವು ಕಿತ್ತಿರಿ. ಕಿಂಡಿಯೊಳಗೆ ಇಣುಕಿ ನೋಡಿ, ನಕ್ಕು, ಹೀಗೆಂದಿರಿ:

"ತಾನಽ ಅಳಸಿ ಹೋಗೂವಂಥಾದ್ದು ಮಾಡೀರಿ ಅಂದ್ರ ಪುರಾವೆ ಉಳೀಬಾರದಂತ ಮಾಡೀರಿ. ಬಾಯಿಬಿಟ್ಟು ನೀವಽ ಹೇಳಿದ್ರಿ ನೋಡ್ರಿ. ಹಿಂಡಲಗಾ ಇಲ್ಲಿಂದ ಏನ್ ಭಾಳ ದೂರ ಇಲ್ಲ ಬಾಯಾರ."

ಹಿಂಡಲಗಾ ಎಂದರೆ ಈ ಊರಿನಲ್ಲಿ ಮಕ್ಕಳಿಗೂ ಜೈಲೇ. ತಾವು ಅದನ್ನು ಹವಾಮಾನದ ಮಾತಿನಂತೆ ಆಡಿದಿರಿ. ಚಿಪ್ ಅನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಚಹಾ ತರಿಸಿದಿರಿ. ಗಾಜಿನ ಕದವಾದರೂ ಮುಚ್ಚಿದ್ದರೆ ಬಿಸಿಲಿನ ಕಸುವು ಕೊಂಚ ತಗ್ಗುತ್ತಿತ್ತು. ಫ್ಯಾನು ಕೆಟ್ಟಿದೆಯೆಂದು ಅದನ್ನೂ ತೆರೆದಿಟ್ಟಿದ್ದಿರಿ. ಚಿಪ್ ಇಂದಿಗೂ ಆ ಕಟ್ಟೆಯ ಮೇಲೇ ಇದೆ. ರಸ್ತೆಯಿಂದಲೇ ಕಾಣುತ್ತದೆ. ನಾನು ದಿನವೂ ಹಾದುಹೋಗಿ ನೋಡುತ್ತೇನೆ. ಒಳಗೆ ಬರಲು ತಮ್ಮ ಕಾವಲಿನವನು ಬಿಡುವುದಿಲ್ಲ. ಹಾಗೆ ನೋಡುವುದನ್ನೂ ತಮ್ಮವರು ಬರೆದುಕೊಳ್ಳುತ್ತಿದ್ದಾರೆಂದು ಚಹಾದಂಗಡಿಯ ರಾಯಪ್ಪ ಪಿಸುಗುಟ್ಟಿದ.

ಇತ್ತ ಓಣಿಯೂ ಬದಲಾಗಿದೆ. ನಮ್ಮ ಮಾಳಿಗೆಯಿಂದ ಹೋಗುತ್ತಿದ್ದ ವಾಯರನ್ನು ಯಾರೋ ಕತ್ತರಿಸಿದ್ದಾರೆ. ದುಂಡಪ್ಪ ಕಾಕಾ ಗೋಡೆಯಾಚೆಯಿಂದ ಮಾತಾಡಿಸುವುದಿಲ್ಲ. ಅವರ ಹೆಂಡತಿ ಬಸವಣ್ಣೆವ್ವ ಕಾಕೂ ಮಾತ್ರ ನೀರು ತರುವಾಗ ನನ್ನ ಕೈ ಹಿಡಿದು, "ನಮ್ಮವ್ರನ್ನೂ ಕರಸಿದ್ರವಾ. ನಕ್ಕಿದ್ದು ಯಾಕಂತ ಕೇಳ್ಯಾರ" ಎಂದರು. ಖಾನಾಪುರದಲ್ಲಿ ಪದ್ಮಾಕರ ಮಾಮಾ ಮೊದಲು ಬಾಯಿತುಂಬ ಮಾತಾಡುವ ಮನುಷ್ಯ. ಅಂಗಡಿಯ ರೇಡಿಯೋಗಳೆಲ್ಲ ಒಟ್ಟಿಗೆ ಹಾಡುತ್ತಿದ್ದವು. ತಮ್ಮ ಕಚೇರಿಗೆ ವಿಚಾರಣೆಗೆ ಹೋಗಿ ಬಂದ ಮೇಲೆ ಒಂದನ್ನೂ ಹಚ್ಚುವುದಿಲ್ಲ. ಏನು ಕೇಳಿದರು ಮಾಮಾ ಎಂದರೆ, ಎದ್ದು ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತಾರೆ. ನನಗೆ ಭಯವಾಗುತ್ತಿದೆ, ಮಾನ್ಯರೇ. ಇದನ್ನು ಬರೆಯಲು ನಾಚಿಕೆಯಿಲ್ಲ.

ಈಗ ತಮ್ಮ ನೋಟೀಸು ಬಂದಿದೆ. ಬೆಂಗಳೂರಿನಿಂದ ತಜ್ಞರು ಬರುತ್ತಾರಂತೆ. ಅವರೆದುರು ಚಿಪ್ ಅನ್ನು ಪೆಟ್ಟಿಗೆಗೆ ಹಾಕಿ, ಟಿವಿಗೆ ಜೋಡಿಸಿ ನೋಡುತ್ತಾರಂತೆ. ಆಟ ಕಂಡರೆ, ಅದು ಬರೀ ಆಟವೆಂದು ತಿಳಿದು ನಾನು ನಿರಪರಾಧಿ. ಕಾಣದಿದ್ದರೆ? ಬಿಸಿಲು ಎಲ್ಲಿಂದ ಅಳಿಸಲು ಶುರುಮಾಡುತ್ತದೆಂದು ನಾನೂ ಹೇಳಲಾರೆ. ಮೊದಲು ಮನೆ ಅಳಿಸಿ ಹೋಗಬಹುದು, ಹುಡುಗಿ ನಡೆಯುತ್ತಲೇ ಇರುತ್ತಾಳೆ. ಇಲ್ಲವೇ ಸೂರ್ಯ ಮುಳುಗುವುದನ್ನೇ ಮರೆತು ನಿಂತುಬಿಡಬಹುದು. ಕೊನೆಗೆ ಏನೂ ಉಳಿಯದೆ ತೆರೆ ಖಾಲಿಯಾಗುತ್ತದೆ. ಆಗ ತಾವು ತಜ್ಞರತ್ತ ತಿರುಗಿ, ನೋಡಿರಿ, ಪುರಾವೆ ತಾನಾಗಿಯೇ ನಾಶವಾಗುವಂತೆ ಮಾಡಿದ್ದಾಳೆ, ಅವಳೇ ಒಪ್ಪಿಕೊಂಡಿದ್ದಳು ಎನ್ನುತ್ತೀರಿ. ನನ್ನ ಪರವಾಗಿ ಸಾಕ್ಷಿ ಹೇಳಬಲ್ಲ ಒಂದೇ ಒಂದು ವಸ್ತುವನ್ನು ತಮ್ಮ ಕಿಟಕಿ ಮಧ್ಯಾಹ್ನ ಮಧ್ಯಾಹ್ನ ತಿನ್ನುತ್ತಿದೆ. ಕಳೆದ ವಾರ ಇದು ತಮ್ಮ ಅಜ್ಞಾನ ಎಂದುಕೊಂಡಿದ್ದೆ. ಆದರೆ ನಿನ್ನೆ ಹಾದುಹೋಗುವಾಗ ಕಂಡದ್ದು ಬೇರೆ. ಕಟ್ಟೆಯ ಮೂಲೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಬಿಸಿಲು ಕಾಣುತ್ತಿದ್ದ ಚಿಪ್ ಅನ್ನು ಯಾರೋ ಮಧ್ಯಾಹ್ನವಿಡೀ ಬಿಸಿಲು ಬೀಳುವ ಕಡೆಗೆ ಸರಿಸಿದ್ದಾರೆ. ಕಿಂಡಿ ಮೇಲ್ಮುಖವಾಗಿದೆ. ಗಾಳಿ ಅದನ್ನು ಸರಿಸಿತೆಂದು ತಾವು ಹೇಳಬಹುದು. ನನ್ನ ಮಾತು ಅಂದು ತಮಗೆ ಅರ್ಥವಾಗಿರಲಿಲ್ಲವೆಂದು ಅಂದುಕೊಂಡಿದ್ದೆನಲ್ಲ, ಬಹಳ ಚೆನ್ನಾಗಿ ಅರ್ಥವಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಆದ್ದರಿಂದಲೇ ಈ ಪತ್ರ ತಮ್ಮ ಮೇಜಿಗೆ ಬರದೆ ಪತ್ರಿಕೆಗೆ ಬಂದಿದೆ. ತೆರೆ ಖಾಲಿಯಾದರೆ ಯಾಕೆ ಖಾಲಿಯಾಯಿತೆಂದು ಈ ಊರಿಗೆ ಮೊದಲೇ ಗೊತ್ತಿರಲಿ. ನನಗೆ ತಮ್ಮ ಕ್ಷಮೆ ಬೇಡ, ಸಮಜಾಯಿಷಿ ಬೇಡ, ಈ ಪತ್ರಕ್ಕೆ ಉತ್ತರವೂ ಬೇಡ. ಪ್ರಶ್ನೆಗಳಿದ್ದರೆ ಕರೆಯಿರಿ, ಬರುತ್ತೇನೆ. ನನ್ನ ಬೇಡಿಕೆ ಇಷ್ಟು: ಮೊದಲು ಕಿಟಕಿ ಮುಚ್ಚಿರಿ. ಕಪ್ಪು ಪಟ್ಟಿ ಹುಡುಕುವ ತೊಂದರೆ ತಮಗೆ ಬೇಡ. ತಾವು ಈಗ ಕೈಯಲ್ಲಿ ಹಿಡಿದಿರುವ ಇದೇ ಪತ್ರಿಕೆಯನ್ನು ಮಡಚಿ, ಆ ಚಿಪ್‌ನ ಮೇಲೆ ಹೊದಿಸಿರಿ. ರಸ್ತೆಯಿಂದ ಕಾಣುತ್ತದೆ. ಇವತ್ತು ಮಧ್ಯಾಹ್ನ ನಾನು ಹಾದುಹೋಗುತ್ತೇನೆ. ಇದನ್ನು ಓದಿದವರೂ ಯಾರಾದರೂ ಬರಬಹುದು.

ಇಂತಿ,
ಇರುವೆಗೂ ಕೇಡು ಬಗೆಯದೆ ತಮ್ಮ ಆರೋಪಿಯಾಗಿರುವ,
ಖಾಸಬಾಗದ ರತ್ನಮಾಲಾ