ಹುಲ್ಲಿನಲ್ಲಿ ಬಚ್ಚಿಟ್ಟ ಮರಿಗಳು

ಗುಂಜಿ, ತಾ. ಖಾನಾಪುರ
18 ನವೆಂಬರ್ 2024, ಸೋಮವಾರ

ಪ್ರೀತಿಯ ಸೊಸೆ ರೂಪಾಲಿಗೆ ಅತ್ತೆಯ ಆಶೀರ್ವಾದ.

ಹೇಗಿದ್ದೀ? ಮಧ್ಯಪ್ರದೇಶದ ಆ ಕಾಡಿನಲ್ಲಿ ಚಳಿ ಹೆಚ್ಚಂತೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಜೀಪು ಹತ್ತಬೇಡ. ಪ್ರಾಣಿಗಳ ಡಾಕ್ಟರಿಗೆ ತನ್ನ ನೆಗಡಿ ಕಾಣುವುದಿಲ್ಲ ಎಂದು ನನಗೆ ಗೊತ್ತು. ಇಲ್ಲಿ ನಿನ್ನ ಮಗಳು ಸಮೃದ್ಧಿ ಗುಂಡಗಿದ್ದಾಳೆ. ಮೂರು ವರ್ಷದ ಮಗು, ಮೂವತ್ತರ ಮಾತು. ನಿನ್ನ ಮಾವನವರ ಮೊಣಕಾಲು ನೋವು ಮಾತ್ರ ಹಾಗೇ ಇದೆ. ಕುರಿಗಳ ಹಿಂದೆ ಹೋಗುವುದನ್ನು ಬಿಡಿ ಎಂದರೆ ನನ್ನನ್ನೇ ಗದರುತ್ತಾರೆ.

ನೀನು ಕಳಿಸುವ ಚೀತಾಗಳ ವಿಡಿಯೊ ನೋಡದೆ ಮಗುವಿಗೆ ತುತ್ತು ಇಳಿಯುವುದಿಲ್ಲ. ಜೊತೆಗೆ ಕೂತು ನನಗೂ ಪಾಠವಾಗಿದೆ. ನಮ್ಮ ಗುಂಜಿ ಕಡೆಯ ಚಿರತೆ ಕತ್ತಲಲ್ಲಿ ಬಂದು ನಾಯಿ ಎತ್ತಿಕೊಂಡು ಹೋಗುವ ಕಳ್ಳ. ಚೀತಾ ಹಾಗಲ್ಲ, ಹಾಡಹಗಲೇ ಬಯಲಿನಲ್ಲಿ ಓಡಿ ಹಿಡಿಯುತ್ತದೆ. ಸಣ್ಣ ತಲೆ, ಬಡಕಲು ನಡು, ಉದ್ದ ಕಾಲು, ಕಣ್ಣಿನಿಂದ ಬಾಯಿಯವರೆಗೆ ಅತ್ತಂತೆ ಇಳಿದ ಕಪ್ಪು ಗೆರೆ. ಹಿಡಿದ ಮೇಲೂ ಪಾಪ, ಏದುಸಿರು ಬಿಡುತ್ತ ಕೂರಬೇಕು. ಅಷ್ಟರಲ್ಲಿ ಬೇರೆ ಪ್ರಾಣಿಗಳು ಬಂದು ಬೇಟೆ ಕಸಿಯುತ್ತವೆ. ಗರ್ಜಿಸಲು ಬಾರದು, ಮರಿಗಳನ್ನು ಹಕ್ಕಿಯ ಹಾಗೆ ಕರೆಯುತ್ತದೆ. ಸಮೃದ್ಧಿಯೂ ಹಾಗೇ ಕೂಗುತ್ತಾಳೆ, ಬಾಗಿಲ ಕಡೆ ನೋಡಿಕೊಂಡು.

ಮೊನ್ನೆಯ ವಿಡಿಯೊದಲ್ಲಿ, ಬೆನ್ನ ತುಂಬ ಬೂದಿ ಬಣ್ಣದ ಕೂದಲಿದ್ದ ಮರಿಗಳನ್ನು ಎತ್ತರದ ಹುಲ್ಲಿನಲ್ಲಿ ಬಚ್ಚಿಟ್ಟು ತಾಯಿ ಬೇಟೆಗೆ ಹೊರಟಿತ್ತು. ಗಂಡು ಹತ್ತಿರ ಸುಳಿಯುವುದೇ ಇಲ್ಲವಂತೆ, ಸಾಕುವುದೆಲ್ಲ ತಾಯಿಯೊಂದೇ. ನೋಡಿದೊಡನೆ ನನ್ನದೇ ಮಾತು ನೆನಪಾಯಿತು. ನಂದಗಡದ ಮದುವೆಯಲ್ಲಿ ಅಷ್ಟು ನೆಂಟರ ಮುಂದೆ ನಾನು ನಿನಗೆ ಏನಂದಿದ್ದೆ? "ಕಾಡಿನ ಪ್ರಾಣಿ ಸುದ್ದಾ ತನ್ನ ಮರಿ ಬಿಟ್ಟು ಹೋಗಂಗಿಲ್ಲ. ನೀ ಎಂಥಾ ತಾಯಿ ಇದ್ದೀ?" ನೀನು ಊಟ ಬಿಟ್ಟು ಎದ್ದುಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮನೆಗೆ ಬಂದಾಗಿನಿಂದ ಎಳೆ ಮರಿಗಳನ್ನು ಬುಟ್ಟಿಯಡಿ ಮುಚ್ಚಿಟ್ಟು ತಾಯಿಕುರಿಗಳನ್ನು ಮೇಯಲು ಅಟ್ಟಿದವಳು ನಾನೇ. ಮೇಯದಿದ್ದರೆ ಕೆಚ್ಚಲಿಗೆ ಹಾಲು ಎಲ್ಲಿಂದ? ಯಾವ ಕುರಿಯನ್ನೂ ಕೆಟ್ಟ ತಾಯಿ ಎನ್ನಲಿಲ್ಲ. ಸೊಸೆಗೆ ಮಾತ್ರ ಅಂದೆ.

ನಿನ್ನೆ ಅಮರ ಬೆಳಗಾವಿಯಿಂದ ಬಂದಿದ್ದ. ತಿಂಗಳ ಕೊನೆಗೆ ನೀನು ನೌಕರಿ ಬಿಟ್ಟು ಸದಾಶಿವನಗರದ ಮನೆಗೆ ಬರುತ್ತೀ ಎಂದು ನಗುತ್ತ ಹೇಳಿದ. ನಾನು ಹಂಚಿನ ಮೇಲಿನ ರೊಟ್ಟಿ ಸುಟ್ಟೆ. ನನ್ನ ಮಗನಿಗೆ ಕಾರಣ ಗೊತ್ತಿಲ್ಲ, ನನಗೆ ಗೊತ್ತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮಗುವಿನ ಸುದ್ದಿಯಷ್ಟೇ ಹೇಳಿ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಾಯಿತು, ರೂಪಾಲಿ.

ನಿನ್ನ ಕೈಗೆ ಬಂದ ಪ್ರಾಣಿಗಳೆಲ್ಲ ಬದುಕಲಿ, ನೀನೂ ತಂಪಾಗಿರು. ಮಾವನವರು ನಿನ್ನನ್ನು ಕೇಳಿದ್ದಾರೆ.

ನಿನ್ನ ಅತ್ತೆ,
ಸತ್ಯವ್ವ

ತಾ.ಕ.: ನೌಕರಿ ಬಿಡಬೇಡ. ಈಗಷ್ಟೇ ಅಮರನಿಗೆ ಫೋನ್ ಮಾಡಿ ಇಪ್ಪತ್ತೇಳರ ಗೋವಾ ಎಕ್ಸ್‌ಪ್ರೆಸ್ಸಿಗೆ ಗ್ವಾಲಿಯರಿನವರೆಗೆ ಟಿಕೆಟ್ ತೆಗೆಸಿದೆ. ಅವನ ಮುಖ ಊದಿದ್ದರೆ ಊದಲಿ. ಮಗುವನ್ನು ಕರೆದುಕೊಂಡು ನಾನೇ ಬರುತ್ತೇನೆ. ನೀನು ಕಾಡಿಗೆ ಹೋಗು, ಮನೆಯಲ್ಲಿ ನಾನಿರುತ್ತೇನೆ. ಸ್ಟೇಷನ್ನಿಗೆ ಬಾ. ನನ್ನ ಮುಖ ನೋಡುವ ಮನಸ್ಸಿಲ್ಲದಿದ್ದರೆ ಮಗುವನ್ನಷ್ಟೇ ಇಳಿಸಿಕೋ, ನಾನು ಮುಂದಿನ ಗಾಡಿ ಹಿಡಿದು ಊರಿಗೆ ತಿರುಗಿ ಹೋಗುತ್ತೇನೆ.