ಕುಂಬಾರ ಹುಳದ ಮನೆ

ಅಪ್ಪಾ,

ನಿನ್ನೆ ಸರ್ ನಮ್ಮನ್ನು ಸಣ್ಣ ವಿಮಾನವೊಂದರ ಮುಂದೆ ನಿಲ್ಲಿಸಿ, "ಎಂಜಿನ್ ಪವರ್ ಕೊಡ್ತಿಲ್ಲ. ಯಾಕೆ?" ಎಂದರು. ಪ್ಲಗ್ ಬಿಚ್ಚಿದೆವು, ಗಾಳಿಯ ಜಾಲರಿ ತೊಳೆದೆವು, ಕಾರ್ಬ್ಯುರೇಟರ್ ಇಳಿಸಿದೆವು. ಚಾಲೂ ಮಾಡಿದಾಗ ಚೆನ್ನಾಗಿಯೇ ಓಡಿ, ಸ್ವಲ್ಪ ಹೊತ್ತಿಗೆ ಮತ್ತೆ ಸೊರಗುತ್ತಿತ್ತು. ವಿಮಾನ ರಿಪೇರಿ ಕಲಿಕೆಯ ಮೊದಲ ವರ್ಷದವನು ನಾನು. ಕೊನೆಗೆ ಸರ್ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆ ನುಗ್ಗಿತು, ಎಂಜಿನ್ ಗುಡುಗಿತು. ಟ್ಯಾಂಕಿಗೆ ಗಾಳಿ ಬರುವ ಕೊಳವೆಗಳಿಗೆ ಅವರೇ ಮಣ್ಣು ತುರುಕಿದ್ದರು. "ಗಾಳಿ ಒಳಗೆ ಬರದಿದ್ದರೆ ಪೆಟ್ರೋಲ್ ಕೆಳಗಿಳಿಯೋಲ್ಲ." ಎಲ್ಲರೂ ನಕ್ಕರು. ನಾನು ಆ ಮಣ್ಣನ್ನೇ ನೋಡುತ್ತಿದ್ದೆ.

ದಾಸನಕೊಪ್ಪದ ಆ ಊಟ ನೆನಪಿದೆಯಾ? ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಬೆಳೆಗೆ ಔಷಧಿ ಸಿಂಪಡಿಸುವ ವಿಮಾನ ಬಯಲಿನಲ್ಲಿತ್ತು, ನೀನು ಅದರ ಮೆಕ್ಯಾನಿಕ್.

"ಯವ್ವಾ, ಟ್ಯಾಂಕಿನ ಗಾಳಿ ಕೊಳವ್ಯಾಗ ಕುಂಬಾರ ಹುಳ ಮಣ್ಣಿನ ಮನಿ ಕಟ್ಟೈತಿ" ಎಂದು ನೀನು ನಕ್ಕೆ.

ಅಜ್ಜಿ ಸೌಟು ಎತ್ತಿದಳು. "ಒಡದೀ ಮತ್ತ! ಸೊಸಿ ಬಸುರಿ ಅದಾಳ. ಹಡಿಯೂ ಮಟಾ ಆ ಗೂಡು ಮುಟ್ಟಬ್ಯಾಡ."

"ಆತು ತಗೋಬೇ. ಎರಡು ಕೊಳವಿ ಅದಾವ, ಒಂದು ಸಾಕು. ಕೂಸು ಬಂದ ಮ್ಯಾಲೆ ಇವರಿಗೆ ಮನಿ ಬಿಡಸ್ತೀನಿ."

ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆ ಇನ್ನೊಂದು ಕೊಳವೆಯನ್ನು ಆಮೇಲೆ ನೀನು ನೋಡಿದೆಯಾ ಅಪ್ಪಾ? ಒಂದರಲ್ಲಿ ಮನೆ ಕಟ್ಟಿದ ಹುಳ ಪಕ್ಕದ್ದನ್ನು ಬಿಟ್ಟೀತೇ?

ಮೇಲೆ ಹೋದರೆ ಎಂಜಿನ್ ಸೊರಗುತ್ತದೆ ಎಂದು ಪೈಲಟ್ ಥಾಮಸ್ ದೂರಿದ. ನೀನು ಮುಚ್ಚಳ ತೆಗೆದು ಪೆಟ್ರೋಲ್ ತುಂಬಿಸಿ ನೆಲದ ಮೇಲೆ ಓಡಿಸಿದೆ. ಸರಿಯಿತ್ತು. ಇರದೆ ಏನು, ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗಿತ್ತಲ್ಲ? "ನಾನ ಮ್ಯಾಲೆ ಬಂದು ಕೇಳ್ತೀನಿ ನಡೀರಿ" ಎಂದು ನೀನೂ ಹತ್ತಿದೆ. ವಿಮಾನ ಕೆರೆಯಾಚೆಯ ಮರಗಳನ್ನು ದಾಟಲಿಲ್ಲ; ಬದುಕಿದವನು ಥಾಮಸ್ ಒಬ್ಬನೇ. ವಿಮಾನವೇ ಚೂರಾದಾಗ ಒಂದು ಹಿಡಿ ಮಣ್ಣನ್ನು ಯಾರು ಹುಡುಕುತ್ತಾರೆ? ತಪ್ಪು ಪೈಲಟ್‌ನದು ಎಂದು ತೀರ್ಮಾನವಾಯಿತು. ಅವನು ಕುಂಟುತ್ತ ನಮ್ಮ ಬಾಗಿಲಿಗೆ ಬಂದಾಗ, "ಯಾವ ಮಾರಿ ಹೊತ್ತು ಬಂದೀಯೋ, ಕೊಲೆಗಡಕ!" ಎಂದು ಮಣ್ಣು ತೂರಿದವಳು ಅಜ್ಜಿಯೇ. ಹುಳದ ಗೂಡಿನ ಮೇಲೆ ಅಷ್ಟೊಂದು ಕರುಣೆ ನಿಮ್ಮಿಬ್ಬರಿಗೂ. ಅವನ ಕೈಗೆ ಮತ್ತೆ ಯಾರೂ ವಿಮಾನ ಕೊಟ್ಟಿಲ್ಲ. ಈಗ ಹುಬ್ಬಳ್ಳಿಯಲ್ಲಿ ಟೈಪಿಂಗ್ ಮಾಡುತ್ತಾನಂತೆ.

ಈ ರಜೆಗೆ ಮೊದಲು ಹುಬ್ಬಳ್ಳಿಯಲ್ಲಿ ಇಳಿಯುತ್ತೇನೆ. ಅವನೆದುರು ನಿನ್ನ ಹೆಸರು ಹೇಳಿ, ಗೂಡಿನ ಸಂಗತಿಯನ್ನೂ ಹೇಳುತ್ತೇನೆ. ಆಮೇಲೆ ಅಜ್ಜಿಗೆ. ನಿನಗೆ ಸಿಟ್ಟು ಬಂದರೆ ಬರಲಿ.

ಪುಟ್ಟಿಗೆ ಮಾತ್ರ ಹೇಳಲಾರೆ. ಹೌದು, ನಿನಗೆ ಗೊತ್ತಿಲ್ಲ. ಹೆಣ್ಣು ಕೂಸು, ಅಪ್ಪಾ. ನೀನು ತೀರಿಕೊಂಡ ವಾರದಲ್ಲೇ ಹುಟ್ಟಿದಳು. ನಮ್ಮ ಜಂತಿಯಲ್ಲಿ ಈಗ ಕುಂಬಾರ ಹುಳ ಮನೆ ಕಟ್ಟುತ್ತಿದೆ. ಅದು ಮಣ್ಣು ಹೊತ್ತು ತಂದಾಗಲೆಲ್ಲ ಅವಳು ಚಪ್ಪಾಳೆ ತಟ್ಟುತ್ತಾಳೆ. ಅಜ್ಜಿ ಇನ್ನೂ ಯಾರಿಗೂ ಒಡೆಯಲು ಬಿಡುವುದಿಲ್ಲ.